ಬರುವಾಗ ಬ್ರಷ್ಷೂ ತನ್ನಿ

"ಡಾಕ್ಟ್ರೇ, ತಣ್ಣೀರು ತಾಗಿದ್ರೆ ಹಲ್ಲು ಜುಮ್ ಅನ್ನುತ್ತೆ, ಸಿಮೆಂಟ್ ಹಾಕ್ಬಿಡಿ" ಎಂದು ಬಂದವರಿಗೆ ಪ್ರಾಕ್ಟೀಸಿನ ಮೊದಲ ವರ್ಷಗಳಲ್ಲಿ ಅಷ್ಟನ್ನೇ ಮಾಡಿ ಕಳಿಸುತ್ತಿದ್ದೆ. ಒಸಡಿನ ಅಂಚಿನಲ್ಲಿ ಹಲ್ಲು ಮಚ್ಚಿನಿಂದ ಕಚ್ಚು ಹಾಕಿದಂತೆ ಸವೆದಿರುತ್ತಿತ್ತು. ತುಂಬಿದ್ದು ಕೆಲವರಿಗೆ ವರ್ಷದೊಳಗೇ ಬಿದ್ದುಹೋಗುತ್ತಿತ್ತು, ಅಷ್ಟರಲ್ಲಿ ಪಕ್ಕದ ಹಲ್ಲೂ ಸವೆದಿರುತ್ತಿತ್ತು. ಹಲ್ಲು ಯಾಕೆ ಸವೆಯಿತು ಎಂದು ನಾನು ಕೇಳಿಯೇ ಇರಲಿಲ್ಲ.

ಈಗ ದಿನಾ ಉಜ್ಜುವ ಬ್ರಷ್ಷನ್ನೂ ಪೇಸ್ಟನ್ನೋ ಹಲ್ಲುಪುಡಿಯನ್ನೋ ಜೊತೆಗೆ ತರಲು ಹೇಳುತ್ತೇನೆ. ಎಳೆಗಳು ಎರಡೂ ಬದಿಗೆ ಮಲಗಿದ ಬ್ರಷ್ ಕಂಡರೆ ಅರ್ಧ ಉತ್ತರ ಸಿಕ್ಕ ಹಾಗೆ. ವಾಶ್ ಬೇಸಿನ್ ಮುಂದೆ ನಿಲ್ಲಿಸಿ ಉಜ್ಜಿ ತೋರಿಸಿ ಎನ್ನುತ್ತೇನೆ. ಬಲಗೈಯವರಾದರೆ ಎಡಗಡೆಯ ಕೋರೆಹಲ್ಲಿನ ಹತ್ತಿರ ಗರಗಸ ಆಡಿಸಿದಂತೆ ಕೈ ಜೋರಾಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ಬಾಯಲ್ಲಿ ಕಚ್ಚು ಆಳವಾಗಿರುವುದೂ ಅಲ್ಲೇ.

ಆದರೆ ನಲವತ್ತೈದರ ಆಸುಪಾಸಿನ ಮೇಷ್ಟ್ರೊಬ್ಬರ ಬ್ರಷ್ ಮೆತ್ತಗಿತ್ತು, ಕೈಯೂ ಹಗುರ. ಕನ್ನಡಿ ಹಿಡಿದು ನೋಡಿದರೆ ಮೇಲಿನ ಬಾಚಿಹಲ್ಲುಗಳ ಒಳಮೈ ಪೂರ್ತಿ ನುಣುಪು. ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಹೋಗಿ, ಅದರ ಕೆಳಗಿನ ಹಳದಿ ಪದರ ಡೆಂಟಿನ್ ಹೊಳೆಯುತ್ತಿತ್ತು. ದವಡೆ ಹಲ್ಲಿನ ಹಳೇ ಫಿಲ್ಲಿಂಗ್ ಸುತ್ತಲಿನ ಹಲ್ಲು ಕರಗಿ, ಫಿಲ್ಲಿಂಗ್ ಮಾತ್ರ ದಿಬ್ಬದ ಹಾಗೆ ಎದ್ದು ನಿಂತಿತ್ತು. ಇದು ಉಜ್ಜಿ ಆಗುವ ಸವೆತವಲ್ಲ, ಆಮ್ಲದ ಕೆಲಸ. ನಿಂಬೆ, ಕೋಲಾ ಏನೂ ಇಲ್ಲ ಎಂದರು. ಪಕ್ಕದಲ್ಲಿದ್ದ ಅವರ ಹೆಂಡತಿ, "ರಾತ್ರಿ ಹುಳಿತೇಗು ಅಂತ ಎದ್ದು ಕೂರ್ತಾರಲ್ಲ, ಅದನ್ನ ಹೇಳಿ" ಎಂದರು. ಹುಳಿಯ ಅಳತೆ ಪಿಎಚ್, ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಅದು ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್ ಕರಗತೊಡಗುತ್ತದೆ. ಹೊಟ್ಟೆಯ ಆಮ್ಲದ್ದು 1ರಿಂದ 2ರಷ್ಟು. ನಿದ್ದೆಯಲ್ಲಿ ಅದನ್ನು ತೊಳೆಯಲು ಬಾಯಲ್ಲಿ ಜೊಲ್ಲೂ ಕಡಿಮೆ. ಮೊದಲು ಫಿಜಿಶಿಯನ್ ಹತ್ತಿರ ಕಳಿಸಿದೆ. ಹುಳಿತೇಗು ಹತೋಟಿಗೆ ಬಂದ ಮೇಲೆಯೇ ಹಲ್ಲಿಗೆ ಕೈ ಹಾಕಿದ್ದು.

ಅಲ್ಲಿಂದೀಚೆಗೆ ಎದೆ ಉರಿ ಇದೆಯೇ, ಬಾಯಿ ಒಣಗಿಸುವ ಮಾತ್ರೆ ಏನಾದರೂ ನುಂಗುತ್ತೀರಾ, ನಿದ್ದೆಯಲ್ಲಿ ಹಲ್ಲು ಕಡಿಯುತ್ತೀರಾ ಎಂದು ಕೇಳದೆ ಬಿಡುವುದಿಲ್ಲ. ಕೊನೆಯದಕ್ಕೆ ಉತ್ತರ ಪಕ್ಕದಲ್ಲಿ ಮಲಗುವವರಿಗೇ ಗೊತ್ತಿರುವುದು. ಗಟ್ಟಿ ಅಡಿಕೆ ಜಗಿಯುವವರ ದವಡೆ ಹಲ್ಲು ಚಪ್ಪಟೆಯಾಗಿರುತ್ತದೆ, ಅದನ್ನು ಕೇಳಬೇಕಾಗಿಯೂ ಇಲ್ಲ. ಈಚೆಗೆ ಹೆಚ್ಚು ಕಾಣುವುದು ಬೆಳಿಗ್ಗೆ ಬಿಸಿನೀರಿಗೆ ನಿಂಬೆರಸ, ಜೇನು ಬೆರೆಸಿ ಗುಟುಕು ಗುಟುಕಾಗಿ ಕುಡಿದು, ಮರುಕ್ಷಣವೇ ಬ್ರಷ್ ಹಿಡಿಯುವವರನ್ನು. ಹುಳಿಗೆ ಮೆತ್ತಗಾದ ಎನಾಮಲ್ ಮೇಲೆ ಬ್ರಷ್ ಆಡಿಸಿದರೆ ಬೇಗ ಸವೆಯುತ್ತದೆ. ಕುಡಿಯಲೇಬೇಕೆಂದರೆ ಹಲ್ಲುಜ್ಜಿದ ಮೇಲೆ ಒಂದೇ ಸಲಕ್ಕೆ ಕುಡಿದು, ಬರೀ ನೀರಲ್ಲಿ ಬಾಯಿ ಮುಕ್ಕಳಿಸಿ ಎನ್ನುತ್ತೇನೆ.

"ವಯಸ್ಸಾಯ್ತಲ್ಲ, ಸವೆಯುತ್ತೆ" ಎಂಬ ಮಾತನ್ನು ಮೂವತ್ತೈದರವರ ಬಾಯಲ್ಲಿ ಕೇಳಿದಾಗ ನನಗೆ ಸಂಕಟವಾಗುತ್ತದೆ. ಬಾಯನ್ನು ಆರು ಭಾಗ ಮಾಡಿ, ಪ್ರತಿ ಭಾಗದ ಸವೆತಕ್ಕೆ 0ಯಿಂದ 3ರವರೆಗೆ ಅಂಕ ಕೊಟ್ಟು ಬರೆದಿಡುತ್ತೇನೆ, ಹೆಚ್ಚೆಂದರೆ ಒಟ್ಟು 18. ಜೊತೆಗೊಂದು ಫೋಟೋ. ಮೇಷ್ಟ್ರ ಹಲ್ಲಿನ ಪ್ಲಾಸ್ಟರ್ ಅಚ್ಚನ್ನೂ ತೆಗೆದಿಟ್ಟಿದ್ದೆ. ಮುಂದಿನ ವರ್ಷ ಬಂದಾಗ ಅದನ್ನು ಅವರ ಕೈಗೇ ಕೊಟ್ಟು, ಕನ್ನಡಿಯಲ್ಲಿ ಹೋಲಿಸಿ ನೋಡಿ ಎಂದೆ. ಹೊಸ ಸವೆತ ಇರಲಿಲ್ಲ.