ಬ್ಯಾಂಡಿಗೆ ಬಂದವರ ಹಿನ್ನೆಲೆ ನೋಡಿ ತಾಲೀಮು ಕೊಡಿ

ದಿಬ್ಬಣದ ಬ್ಯಾಂಡಿಗೆ ಹೊಸಬರು ಬಂದಾಗ ಈವರೆಗೆ ಏನು ನುಡಿಸಿದ್ದಾರೆ ಎಂದು ಮೊದಲು ಕೇಳಿ. ತಾಲೀಮು ಅದರ ಮೇಲೆ ನಿಲ್ಲುತ್ತದೆ.

ಓಲಗದಿಂದ ಬಂದವರಿಗೆ ಉಸಿರೂ ರಾಗಜ್ಞಾನವೂ ಬೇಕಾದಷ್ಟಿರುತ್ತದೆ, ತೊಡಕು ತುಟಿಯದು. ನಾಗಸ್ವರದಲ್ಲಿ ರೀಡ್ (ಊದುವ ತುದಿಯ ತೆಳು ಪಟ್ಟಿ) ಅದುರುತ್ತದೆ, ಟ್ರಂಪೆಟ್ಟಿನಲ್ಲಿ ತುಟಿಯೇ ಅದುರಬೇಕು. ದಿನಾ 10 ನಿಮಿಷ ಬರೀ ಮೌತ್‌ಪೀಸ್ ಊದಿಸಿ. ಆಮೇಲೆ ಷಡ್ಜದಿಂದ ಪಂಚಮದವರೆಗಿನ 5 ಸ್ವರ ಸಾಕು. ಮೇಲಿನ ಸ್ವರಕ್ಕೆಂದು ಮೌತ್‌ಪೀಸನ್ನು ಒತ್ತಿ ಹಿಡಿದರೆ ರಕ್ತ ಓಡದೆ ತುಟಿ ಮರಗಟ್ಟುತ್ತದೆ, ದಿಬ್ಬಣ ಅರ್ಧ ದಾರಿ ಸಾಗುವಷ್ಟರಲ್ಲಿ ಸ್ವರ ಕೈಕೊಡುತ್ತದೆ. ಇವರ ಮೇಲೆ ಸ್ಟಾಫ್ ನೊಟೇಶನ್ (ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿ) ಹೇರಬೇಡಿ. ಸರಿಗಮದಲ್ಲೇ ಹೇಳಿಕೊಡಿ, ಬೇಗ ಹತ್ತುತ್ತದೆ.

ಶ್ರುತಿ ಮಾತ್ರ ಮೊದಲೇ ತೀರ್ಮಾನವಾಗಲಿ. ಒಂದೇ ಹೆಸರಿನ ಸ್ವರ ಎಲ್ಲ ವಾದ್ಯಗಳಲ್ಲೂ ಒಂದೇ ಎತ್ತರದಲ್ಲಿ ಕೇಳುವುದಿಲ್ಲ. ಬಿ ಫ್ಲಾಟ್ ಟ್ರಂಪೆಟ್ಟಿನವರು ತಮ್ಮ ‘ಸಿ’ಯನ್ನು ಷಡ್ಜ ಮಾಡಿಕೊಂಡರೆ ಆಲ್ಟೊ ಸ್ಯಾಕ್ಸೊಫೋನಿನವರು ತಮ್ಮ ‘ಜಿ’ಯನ್ನು ಹಿಡಿಯಬೇಕು. ಇಬ್ಬರೂ ‘ಸಿ’ ಹಿಡಿದರೆ ಷಡ್ಜ ಕೂಡುವುದೇ ಇಲ್ಲ.

ಚರ್ಚಿನ ಬ್ಯಾಂಡಿನಿಂದ ಬಂದವರು ಹಾಳೆ ನೋಡಿ ಸಲೀಸಾಗಿ ನುಡಿಸುತ್ತಾರೆ. ನಡೆಯುತ್ತಾ ನುಡಿಸಲು ಬಾಯಿಪಾಠ ಬೇಕು, ಪಲ್ಲವಿಯಿಂದ ಶುರುಮಾಡಿಸಿ. ಶಾಲೆಯಲ್ಲಿ ಬ್ಯೂಗಲ್ ಊದಿದವರ ತುಟಿ ಆಗಲೇ ಪಳಗಿರುತ್ತದೆ. ಟ್ರಂಪೆಟ್ಟಿನ ವಾಲ್ವ್ (ಬೆರಳಿನಿಂದ ಒತ್ತುವ ಗುಂಡಿ) ಕಲಿಸಿದರಾಯಿತು: ಎರಡನೆಯದು ಅರ್ಧ ಸ್ವರ ಇಳಿಸುತ್ತದೆ, ಮೊದಲನೆಯದು ಒಂದು, ಮೂರನೆಯದು ಒಂದೂವರೆ.