ಜಡಿಮಳೆಯಲ್ಲೂ ಬಾಕಾಹು (ಬಾಳೆಕಾಯಿ ಹುಡಿ) ಒಣಗುತ್ತೆ: ನನ್ನ ಅನುಭವ

2021ರ ಮೇ ತಿಂಗಳಲ್ಲಿ ನಮ್ಮ ಶಿರಸಿ ಕಡೆ ಬಾಳೆಕಾಯಿಗೆ ಎಷ್ಟು ರೇಟಿತ್ತು ಅಂತ ಬೆಳೆದವರಿಗೆ ಬಿಡಿಸಿ ಹೇಳಬೇಕಿಲ್ಲ. ಜಿ9 ತಳಿಯ ಬಾಳೆಕಾಯಿ ಕೆಜಿಗೆ 3-4 ರೂಪಾಯಿ, ಅದೂ ಗಾಡಿ ಬಂದರೆ. ಕೊರೊನಾ ಲಾಕ್‌ಡೌನ್ ಅಂತ ಅಂಗಡಿ ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ. ಮದುವೆ ಇಲ್ಲ, ಉಪನಯನ ಇಲ್ಲ, ದೇವಸ್ಥಾನಗಳೂ ಬಂದ್. ಅಡಿಕೆ ತೋಟದ ನಡುವೆ ಹಾಕಿದ್ದ ಬಾಳೆ ಅದೇ ಹೊತ್ತಿಗೆ ಒಟ್ಟಿಗೇ ಬಲಿತು ನಿಂತಿತ್ತು.

ಬಾಳೆಕಾಯಿ ಹುಡಿ ಮಾಡುವ ಸುದ್ದಿ ಆಗ ಎಲ್ಲರ ಮೊಬೈಲಿಗೂ ಬರುತ್ತಿತ್ತು. ಸುಲಿ, ಹೆಚ್ಚು, ಒಣಗಿಸು, ಬೀಸು, ಅಷ್ಟೇ. ಅಷ್ಟೇ ಅನ್ನುವವರೆಲ್ಲ ಬಯಲುಸೀಮೆಯವರು ಸ್ವಾಮಿ! ನಮ್ಮಲ್ಲಿ ಜೂನ್ ಅಂದರೆ ಕಂಬಳಿಯೂ ಒಣಗುವುದಿಲ್ಲ. ಪಕ್ಕದ ಮನೆ ಭಾವ ಬಂದು ನೋಡಿ, "ಮಾರಾಯಾ, ಮಳೆಗಾಲದಲ್ಲಿ ಹಿಟ್ಟು ಮಾಡ್ತೀಯಾ? ದನಕ್ಕೆ ಹಾಕು, ಪುಣ್ಯನಾದ್ರೂ ಬತ್ತು" ಅಂದ. ಅವನ ಮಾತಿನಿಂದಲೇ ನನಗೆ ಹಟ ಬಂದಿದ್ದು.

ಮೊದಲು ಅಂಗಳದ ಪ್ಲಾಸ್ಟಿಕ್ ಮಾಡಿನ ಅಡಿ ಹರಡಿದೆವು. ಎರಡನೇ ದಿನಕ್ಕೆ ಹುಳಿ ವಾಸನೆ, ಮೂರನೇ ದಿನಕ್ಕೆ ಬೂಸ್ಟು. ಆ ಲೋಡು ಪೂರ್ತಿ ಗೊಬ್ಬರಗುಂಡಿಗೆ ಹೋಯಿತು. ಆಮೇಲೆ ಅಡಿಕೆ ಒಲೆಯ ಅಟ್ಟಕ್ಕೆ ಹಾಕಿದೆ. ಒಣಗಿದ್ದು ಚೆನ್ನಾಗಿಯೇ ಒಣಗಿತು, ಆದರೆ ದೋಸೆ ಹೊಯ್ದರೆ ಬಾಯಿ ತುಂಬಾ ಹೊಗೆ. ಮನೆಯಲ್ಲಿ ನನ್ನಮ್ಮ ಒಬ್ಬಳೇ ತಿಂದಿದ್ದು. ಎರಡೂ ಸೇರಿ ಒಂದೂವರೆ ಕ್ವಿಂಟಾಲ್ ಕಾಯಿ ಹಾಳು. ಕಾಯಿಯ ದುಡ್ಡು ಹೆಚ್ಚೇನಲ್ಲ, ಸುಲಿದವರ ಕೂಲಿ ಹೋಗಿದ್ದೇ ಹೊಟ್ಟೆ ಉರಿ.

ಕೊನೆಗೆ ಕೈಹಿಡಿದಿದ್ದು ಹೊಗೆಗೆ ಬೇರೆ ಕೊಳವೆ ಇರುವ ಅಡಿಕೆ ಡ್ರೈಯರ್. ಸಂಬಂಧಿಕರ ಮನೆಯಲ್ಲಿ ಮಳೆಗಾಲ ಪೂರ್ತಿ ಸುಮ್ನೆ ಬಿದ್ದಿರುತ್ತಿತ್ತು, ಅದನ್ನು ತಂದುಕೊಂಡೆ. ಅದಕ್ಕೊಂದು ಹಳೇ ಎಕ್ಸಾಸ್ಟ್ ಫ್ಯಾನು, ಸ್ಟೀಲ್ ಜಾಲರಿಯ ತಟ್ಟೆಗಳು, ವೆಲ್ಡಿಂಗು ಎಲ್ಲ ಸೇರಿ 8-9 ಸಾವಿರ ಆಯಿತು. ಬರೀ ಬಿಸಿ ಇದ್ದರೆ ಸಾಲದು, ಒಳಗಿನ ಹಸಿಗಾಳಿ ಹೊರಗೆ ಹೋಗಬೇಕು. ಫ್ಯಾನ್ ಕೂರಿಸುವ ಮೊದಲು ಎರಡು ದಿನ ಹಿಡಿಯುತ್ತಿದ್ದದ್ದು ಆಮೇಲೆ ಒಂದು ರಾತ್ರಿ, ಜಾಸ್ತಿ ಅಂದರೆ ಮರುದಿನ ಮಧ್ಯಾಹ್ನದ ಒಳಗೆ ಮುಗಿಯುತ್ತಿತ್ತು. ಶಾಖ 60 ಡಿಗ್ರಿ ಆಸುಪಾಸು ಇರಲಿ. 70 ದಾಟಿತೋ, ಹೋಳು ಕೆಂಪಾಗಿ ಅಂಚು ಬೆಂದ ಹಾಗಾಗುತ್ತದೆ. ರಾತ್ರಿ ಒಬ್ಬರು ಎದ್ದು ಕಟ್ಟಿಗೆ ನೋಡಲೇಬೇಕು. ತಟ್ಟೆಗಳನ್ನು ಮೇಲೆ ಕೆಳಗೆ ಬದಲಿಸುವುದಕ್ಕೂ ನನ್ನದೇ ಒಂದು ಲೆಕ್ಕ ಇದೆ, ಅದು ನನ್ನ ಹತ್ತಿರವೇ ಇರಲಿ.

ಹೆಚ್ಚಿದ ಹೋಳು ಕಪ್ಪಾಗುವ ಕಾಟಕ್ಕೆ ಕೆಲವರು ಮಜ್ಜಿಗೆ, ಕೆಲವರು ಉಪ್ಪುನೀರು ಹೇಳುತ್ತಾರೆ. ನಾನು ಅನ್ನ ಬಸಿದ ಗಂಜಿತಿಳಿ ಉಪಯೋಗಿಸಿದೆ. ಹೋಳು ಬೆಳ್ಳಗೆ ಉಳಿಯುತ್ತದೆ, ಮಜ್ಜಿಗೆಯ ಹುಳಿಯೂ ಇಲ್ಲ. ಅದಕ್ಕೆ ಇನ್ನೊಂದು ವಸ್ತು ಚಿಟಿಕೆ ಸೇರಿಸುತ್ತೇನೆ. ಮನೆಗೆ ಬಂದವರಿಗೆ ತೋರಿಸಿದ್ದೇನೆ, ಬರೆಯುವುದಿಲ್ಲ.

ಗಿರಣಿ ವಿಷಯ ಒಂದು ಹೇಳಲೇಬೇಕು. ಊರ ಗಿರಣಿಯಲ್ಲಿ ಮೊದಲ ಸಲ ಬೀಸಿದಾಗ ನಮ್ಮ ಮುಂದೆ ಯಾರೋ ಮೆಣಸಿನಕಾಯಿ ಹಾಕಿಸಿದ್ದರು. ಹತ್ತು ಕೆಜಿ ಹುಡಿ ಖಾರ ಖಾರ! ಮಕ್ಕಳಿಗೆ ಗಂಜಿ ಮಾಡಲು ಅಂತ ಕೇಳಿದ್ದವರಿಗೆ ಅದನ್ನು ಕಳಿಸುವುದು ಹೇಗೆ? ಅದು ನಮ್ಮ ಮನೆಯ ರೊಟ್ಟಿಗೇ ಖರ್ಚಾಯಿತು. ಆಮೇಲಿಂದ ಮೊದಲು ಎರಡು ಕೆಜಿ ಅಕ್ಕಿ ಬೀಸಿಸಿಕೊಂಡು, ಆಮೇಲೆ ಹೋಳು ಸುರಿಯುವುದು. ಬೀಸಿದ ದಿನವೇ ಜರಡಿ ಹಿಡಿದು ಪ್ಯಾಕ್ ಮಾಡಿಬಿಡಿ, ಒಂದು ರಾತ್ರಿ ಬಿಟ್ಟರೂ ತೇವ ಎಳೆದುಕೊಳ್ಳುತ್ತದೆ.

ಈಗ ದುಡ್ಡಿನ ಮಾತು. ನೆನಪಿನಿಂದ ಹೇಳುತ್ತಿದ್ದೇನೆ, ಹೆಚ್ಚುಕಡಿಮೆ ಇರಬಹುದು. ಒಂದು ಕೆಜಿ ಹುಡಿಗೆ ಸಿಪ್ಪೆ ಸಮೇತ ಐದು ಕೆಜಿ ಕಾಯಿ ಬೇಕು. ಕಾಯಿಗೆ 20 ರೂಪಾಯಿ, ಸುಲಿದು ಹೆಚ್ಚುವ ಕೂಲಿ 30, ಗಿರಣಿ, ಕವರು, ಲೇಬಲ್ಲು, ಕಟ್ಟಿಗೆ ಎಲ್ಲ ಹಿಡಿದರೆ ಒಟ್ಟು 90-100. ಮಾರಿದ್ದು 200ಕ್ಕೆ, ಅಂಚೆ ಖರ್ಚು ತಗೊಳ್ಳುವವರದೇ. ಬಸ್ಸಿಲ್ಲದ ಆ ದಿನಗಳಲ್ಲಿ ನಮ್ಮ ಹಳ್ಳಿಯ ಪೋಸ್ಟಾಫೀಸು ಇಲ್ಲದಿದ್ದರೆ ಒಂದು ಪಾರ್ಸೆಲ್ಲೂ ಬೆಂಗಳೂರು ಸೇರುತ್ತಿರಲಿಲ್ಲ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿಗೆ ಆಗ ವರ್ಷಕ್ಕೆ 100 ರೂಪಾಯಿ ಇತ್ತು, ಅದನ್ನು ಮಾಡಿಸದೆ ಮಾರಬೇಡಿ. ಆ ಮಳೆಗಾಲ ಸುಮಾರು ಮೂರು ಕ್ವಿಂಟಾಲ್ ಹುಡಿ ಹೋಯಿತು. ಡ್ರೈಯರ್ ಖರ್ಚು ಕಳೆದು ಕೈಗೆ 20 ಸಾವಿರದ ಹತ್ತಿರ ಉಳಿಯಿತು. ಅದೇ ಕಾಯಿ ಗಾಡಿಗೆ ತುಂಬಿದ್ದರೆ ಆರು ಸಾವಿರವೂ ಬರುತ್ತಿರಲಿಲ್ಲ. ಜುಲೈ ಕೊನೆಗೆ ಪ್ರಧಾನಿಯವರು 'ಮನ್ ಕಿ ಬಾತ್'ನಲ್ಲಿ ಉತ್ತರ ಕನ್ನಡ, ದಕ್ಷಿಣ ಕನ್ನಡದ ಹೆಂಗಸರು ಬಾಳೆಕಾಯಿ ಹುಡಿಯಲ್ಲಿ ದೋಸೆ, ಗುಲಾಬ್ ಜಾಮೂನು ಮಾಡುವ ಮಾತು ಎತ್ತಿದರು ನೋಡಿ, ಆ ವಾರ ಫೋನು ಕೆಳಗಿಡಲು ಆಗಲಿಲ್ಲ. ಭಾವನೂ ಎರಡು ಕೆಜಿ ಒಯ್ದ, ದುಡ್ಡು ಇನ್ನೂ ಕೊಟ್ಟಿಲ್ಲ.

ನಡುವೆ ಏನೇನೋ ಮಾಡಿ ನೋಡಿದ್ದೂ ಉಂಟು. ಚಪಾತಿಗೆ ಗೋಧಿ ಜೊತೆ ಅರ್ಧಕ್ಕರ್ಧ ನಡೆಯುತ್ತದೆ, ಅದಕ್ಕಿಂತ ಜಾಸ್ತಿ ಹಾಕಿದರೆ ಹರಿಯುತ್ತದೆ. ಜಾಮೂನು ಬಹಳ ಚೆನ್ನಾಗಿ ಬರುತ್ತದೆ. ಹೆಂಡತಿ ತೊಡೆದೇವಿಗೂ (ಮಡಕೆಯ ಮೇಲೆ ಕಾಗದದಷ್ಟು ತೆಳ್ಳಗೆ ಮಾಡುವ ಸಿಹಿ) ಕೈ ಹಾಕಿದಳು, ಮಡಕೆಯಿಂದ ಒಂದೂ ಇಡಿಯಾಗಿ ಏಳಲಿಲ್ಲ. ಸಿಪ್ಪೆ ಸಮೇತ ಬೀಸಿದ ಹುಡಿ ಕಂದು ಬಣ್ಣ, ಸ್ವಲ್ಪ ಒಗರು. ರೊಟ್ಟಿಗೆ ಅಡ್ಡಿಯಿಲ್ಲ, ಆದರೆ ಪೇಟೆಯವರು ಒಮ್ಮೆ ಕೊಂಡರೆ ಮತ್ತೆ ಕೇಳುವುದಿಲ್ಲ.

ಹೊಸದಾಗಿ ಶುರು ಮಾಡುವವರು ಒಂದು ಲೆಕ್ಕ ಹಾಕಿ. ಕಾಯಿಗೆ ಕೆಜಿಗೆ 10 ರೂಪಾಯಿ ಸಿಗುತ್ತಿದ್ದರೆ ಕಾಯಿಯನ್ನೇ ಮಾರಿ, ಒಲೆ ಹಚ್ಚಬೇಡಿ. ರೇಟು ಅದರ ಅರ್ಧಕ್ಕೆ ಇಳಿದಾಗ ತಟ್ಟೆ ತೊಳೆದಿಟ್ಟುಕೊಳ್ಳಿ. ನನ್ನ ತಟ್ಟೆಗಳು ಈಗಲೂ ಅಟ್ಟದ ಮೇಲಿವೆ, ಹತ್ತಿರದವರಿಗೆ ಬೇಕಾದರೆ ಬಾಡಿಗೆಗೆ ಕೊಡುತ್ತೇನೆ.