ಎಣಿಕೆ 28ರಿಂದ 17ಕ್ಕೆ ಇಳಿದ ಬೆಳಿಗ್ಗೆ

ಸಿದ್ದಾಪುರದ ಕಡೆ ಒಂದು ಕಾಫಿ ತೋಟದಲ್ಲಿ ನಾನು ರೈಟರ್, ಅಂದರೆ ಆಳುಗಳ ಹಾಜರಿ, ಲೆಕ್ಕ ಬರೆಯುವವ. ಹದಿನಾಲ್ಕು ವರ್ಷ ಆಯಿತು. ಮೆಣಸಿನ ಏಣಿಯಿಂದ ಬಿದ್ದವರು, ಹೆಜ್ಜೇನು ಕಡಿಸಿಕೊಂಡವರು, ಕಳೆ ಹೊಡೆಯುವ ಮೆಷಿನ್‌ಗೆ ಕಾಲು ಕೊಟ್ಟವರು, ಇದೆಲ್ಲ ನಿಮ್ಮ ತೋಟದಲ್ಲೂ ಇದ್ದದ್ದೇ. ರಕ್ತ ಸುರಿದರೆ ಯಾರಿಗಾದರೂ ಕಾಣುತ್ತೆ. ನನ್ನನ್ನು ಸೋಲಿಸಿದ್ದು ಕಟ್ಟುಹಾವು. ನಿದ್ದೆಯಲ್ಲಿ ಕಚ್ಚಿದರೆ ಎಷ್ಟೋ ಸಲ ಗುರುತೂ ಕಾಣಲ್ಲ, ಆದರೆ ಅದರ ವಿಷಕ್ಕೆ ರೆಪ್ಪೆ, ಉಸಿರು ಸೋಲುತ್ತಾ ಹೋಗುತ್ತೆ.

ಮೊದಲ ಸಲ ಪೂರ್ತಿ ಎಡವಿದೆ. ಲೈನ್ ಮನೆಯಲ್ಲಿ (ಆಳುಗಳ ಸಾಲು ಮನೆ) ನೆಲದ ಮೇಲೆ ಮಲಗಿದ್ದ ಹುಡುಗ ಬೆಳಿಗ್ಗೆ ಹೊಟ್ಟೆನೋವು ಅಂದ. ಗಾಯ ಇಲ್ಲ, ಊತ ಇಲ್ಲ. ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಸುಮ್ನೆ ಮಲಗಿಸಿದೆ. ಎರಡು ಗಂಟೆ ಹಾಳಾಯಿತು. ಆಮೇಲೆ ಮೈಸೂರು, ವೆಂಟಿಲೇಟರ್, ಹತ್ತಿರ ಹತ್ತಿರ 2 ಲಕ್ಷ. ಹುಡುಗ ಉಳಿದ. ಸಾಹುಕಾರರು ಮಾತ್ರ ಕೊಯ್ಲು ಮುಗಿಯುವವರೆಗೂ ನನ್ನ ಮುಖ ನೋಡಲಿಲ್ಲ. ಅದಕ್ಕೂ ಮುಂಚೆ ವಿಷ ಹೀರುವ ಪಂಪ್ ಅಂತ 900 ರೂಪಾಯಿ ದಂಡ ಬೇರೆ. ಅದೀಗ ಮಗಳ ಆಟದ ಸಾಮಾನು.

ಈಗ ನನ್ನ ಹತ್ತಿರ ಇರೋದು ಒಂದು ಬಾಲ್‌ಪೆನ್, ಒಂದು ವಾಚು. ನೆಲದಲ್ಲಿ ಮಲಗಿ ಎದ್ದವರು ಹೊಟ್ಟೆನೋವು, ಗಂಟಲು ಹಿಡಿದಿದೆ ಅಂದರೆ ಮೊದಲು ಜೀಪಿಗೆ ಹೇಳುತ್ತೇನೆ. ಅದು ಬರುವಷ್ಟರಲ್ಲಿ ಎರಡೇ ಕೆಲಸ. ತಲೆ ಎತ್ತದೆ ಮೇಲಿರುವ ನನ್ನ ಬೆರಳು ನೋಡಿ ಅನ್ನುತ್ತೇನೆ, ರೆಪ್ಪೆ ಜಾರುತ್ತಾ ಅಂತ ಗಮನಿಸುತ್ತೇನೆ. ಆಮೇಲೆ ಒಂದೇ ಉಸಿರಿಗೆ ಎಷ್ಟರವರೆಗೆ ಎಣಿಸುತ್ತಾರೋ ಅದನ್ನು ಟೈಮ್ ಸಮೇತ ಅವರ ಮುಂಗೈ ಮೇಲೆ ಬರೆಯುತ್ತೇನೆ.

"ರೈಟ್ರೇ, ಹಾಜರಿ ಪುಸ್ತಕ ಸಾಲದು ಅಂತ ಕೈ ಮೇಲೂ ಬರೀತೀರಾ?" ಅಂತ ಎಲ್ಲರೂ ನಕ್ಕರು. ಕಳೆದ ಮಳೆಗಾಲದಲ್ಲಿ ನಗು ನಿಂತಿತು. ಲೈನಿನ ಒಬ್ಬರು ಅಕ್ಕ 6.10ಕ್ಕೆ 28ರವರೆಗೆ ಎಣಿಸಿದರು. ಆರೂವರೆಗೆ ಜೀಪಿನಲ್ಲಿ 17. ರೆಪ್ಪೆಗಳು ನಿದ್ದೆಗಣ್ಣಿನ ಹಾಗೆ ಇಳಿದಿದ್ದವು. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಕೈ ಮೇಲಿನ ಲೆಕ್ಕ ಓದಿ, ಕಣ್ಣು ನೋಡಿ, ಎಎಸ್‌ವಿ (ಹಾವಿನ ವಿಷಕ್ಕೆ ಕೊಡುವ ಮದ್ದು) ಹಾಕಿಸಿದರು. ಆರನೇ ದಿನವೋ ಏನೋ ಅಕ್ಕ ನಡೆದುಕೊಂಡೇ ಮನೆಗೆ ಬಂದರು. ಡೀಸೆಲ್, ಊಟ ಸೇರಿ ಖರ್ಚು 1,500 ದಾಟಲಿಲ್ಲ. "ಈ ಲೆಕ್ಕ ಬರೆದವರು ಯಾರು?" ಅಂತ ಡಾಕ್ಟರು ಕೇಳಿದ್ದನ್ನು ನಾನು ಊರಿಗೆಲ್ಲ ಹೇಳಿಕೊಂಡು ಬಂದೆ, ಬಿಡಿ.

ಕಚ್ಚಿದ್ದು ಕೊಳಕುಮಂಡಲ ಹಾವು ಆದರೆ ಕಚ್ಚಿದ ಜಾಗ ಊದುತ್ತೆ, ಆಗ ಪೆನ್ನಿಗೆ ಬೇರೆ ಕೆಲಸ: ಊತದ ಅಂಚಿಗೆ ಗೆರೆ, ಪಕ್ಕದಲ್ಲಿ ಟೈಮ್. ಹಗ್ಗ ಕಟ್ಟಲು ಯಾರಿಗೂ ಬಿಡಲ್ಲ. ಹಗ್ಗ ಬಿಗಿಯುತ್ತಿದ್ದ ನಮ್ಮ ಲೈನಿನ ತಾತನನ್ನು ಹೇಗೆ ಒಲಿಸಿಕೊಂಡೆ ಅನ್ನೋದು ನನ್ನ ಹತ್ತಿರವೇ ಇರಲಿ. ಈಗ ಅವರೇ ಪೆನ್ ಕೇಳುತ್ತಾರೆ.

ಮಧ್ಯೆ ಅಡಿಕೆ ಹಾಳೆ ಪ್ರಯೋಗವೂ ಮಾಡಿದೆ. ಮುಂಗೈ ಮೂಳೆ ಮುರಿದರೆ ಹಾಳೆಯನ್ನು ಹತ್ತು ನಿಮಿಷ ನೆನೆಸಿ, ಒಳಗೆ ಬಟ್ಟೆ ಇಟ್ಟು ಕಟ್ಟಿದರೆ ಅಲುಗಾಡಲ್ಲ. ಒಣ ಹಾಳೆಯ ಅಂಚು ಚರ್ಮ ಕೊಯ್ಯುತ್ತೆ, ನನಗೇ ಕೊಯ್ದಿದೆ. ಕಾಲಿಗೆ ಮಾತ್ರ ಇನ್ನೂ ಸರಿಯಾಗಿ ಕೂತಿಲ್ಲ.